ನೀರುಗಂಟಿಯ ಗಡಿಯಾರ

"ಅವ್ಳು ಕಾಲಿಕ್ಕಿದ್ ಮನೇಲಿ ಎಣ ಎದ್ದಿಲ್ಲ ಅಂತ ಒಂದೇ ಒಂದ್ ಮನೆ ತೋರ್ಸಮ್ಮಿ ನೋಡಾನ," ಎಂದಳು ಮೀನಾಕ್ಷಮ್ಮ, ಅವರೆಕಾಯಿ ಸುಲಿಯುವ ಕೈಯನ್ನು ಮಾತ್ರ ನಿಲ್ಲಿಸದೆ. "ನಮ್ ಬೆಳಕವಾಡಿ ಕರಿಯಯ್ಯನ್ ಮನೆಗೂ ಇವ್ಳೇ ಬತ್ತಿದ್ದುದ್ದು. ಇದೇ ಬಿಳೀ ವ್ಯಾನು, ಇದೇ ನೀಲಿ ಪೆಟ್ಗೆ. ಮೂರ್ನೇ ಸಲ ಬಂದೋದ್ಲು ನೋಡು, ಆರ್ ದಿವ್ಸಕ್ಕೆ ಕರಿಯಯ್ಯ ಇಲ್ಲ."

ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಚಲುವಮ್ಮ ಒಳಗಿನ ಪಡಸಾಲೆಯತ್ತ ಕಣ್ಣು ತೋರಿಸಿದಳು. "ಮೆಲ್ಗೆ ಅತ್ಗೆ. ಅವ್ರ ಕಿವಿ ಇನ್ನೂ ನೆಟ್ಗದೆ."

"ಕೇಳುಸ್ಕಳ್ಳಿ ಬುಡು. ನನ್ ತಮ್ಮ ತಾನೆ. ಕೇಳುಸ್ಕಂಡಾರೂ ಉಸಾರಾಗ್ಲಿ."

ಆವತ್ತು ಗುರುವಾರ. ನರ್ಸಮ್ಮ ನಾಗರತ್ನ ಈ ಮನೆಗೆ ಬರುತ್ತಿರುವುದು ಮೂರನೆಯ ಸಲ. ಚಲುವಮ್ಮ ಬೆಳಿಗ್ಗೆಯಿಂದ ಅದನ್ನೇ ಬೆರಳಲ್ಲಿ ಎಣಿಸಿದ್ದಳು. ಎಷ್ಟು ಸಲ ಎಣಿಸಿದರೂ ಮೂರೇ.

ಅವಳ ಗಂಡ ಪುಟ್ಟಸ್ವಾಮಿಗೆ ಹೊಟ್ಟೆಯೊಳಗೆ ಗಂಟು. ಅದು ಬೆನ್ನೆಲುಬಿಗೂ ಹಬ್ಬಿದೆ, ಇನ್ನು ಕೊಯ್ಯುವುದಕ್ಕೂ ಸುಡುವುದಕ್ಕೂ ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಮೈಸೂರಿನ ಡಾಕ್ಟರು ಹೇಳಿ ತಿಂಗಳಾಗಿತ್ತು. ಮಗ ಜಯಪ್ರಕಾಶ ಮದ್ದೂರು–ಮಳವಳ್ಳಿ ಬಸ್ಸಿನ ಕಂಡಕ್ಟರು. ಟಿಕೆಟ್ ಕೊಡುವಾಗ ಯಾರೋ ಪ್ರಯಾಣಿಕರು ಹೇಳಿದರಂತೆ: ಮಂಡ್ಯದಲ್ಲಿ ಒಂದು ಸಂಸ್ಥೆ ಇದೆ, ವಾಸಿಯಾಗದ ಕಾಯಿಲೆಯವರ ಮನೆಬಾಗಿಲಿಗೇ ಬಂದು ನೋಡಿಕೊಳ್ಳುತ್ತಾರೆ, ಒಂದು ಕಾಸೂ ಕೇಳುವುದಿಲ್ಲ ಅಂತ. ಅವನು ಫೋನು ಮಾಡಿದ, ಇವಳು ಬಂದಳು. ಒಂದು ಕಾಸೂ ಕೇಳುವುದಿಲ್ಲ ಅನ್ನುವುದೇ ಚಲುವಮ್ಮನಿಗೆ ಮೊದಲ ಮುಳ್ಳಾಗಿ ಚುಚ್ಚಿತ್ತು. ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಬಿಟ್ಟಿ ಕೊಡುವವರಿಲ್ಲ. ಅಂಥದ್ದರಲ್ಲಿ ಮಂಡ್ಯದಿಂದ ಡೀಸೆಲ್ ಸುಟ್ಟುಕೊಂಡು ಬಂದು, ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಿ, ಮಾತ್ರೆಯನ್ನೂ ಕೊಟ್ಟು ಹೋಗುತ್ತಾರೆ ಅಂದರೆ ಅವರಿಗೇನು ಸಿಗುತ್ತದೆ?

ಎರಡನೆಯದು ಆ ಎಣಿಕೆ. ಬೇರೆ ಯಾವ ಡಾಕ್ಟರೂ ಕೊಟ್ಟ ಮಾತ್ರೆಯ ಖಾಲಿ ಶೀಟನ್ನು ವಾಪಸ್ಸು ಕೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಇವಳು ಕೇಳುತ್ತಾಳೆ. ಒಂದೊಂದೇ ಶೀಟನ್ನು ಬೆಳಕಿಗೆ ಹಿಡಿದು, ಒಡೆದ ಗುಳಿಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು, ಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕುತ್ತಾಳೆ.

"ನಾಳೆ ಯಾರಾರಾ ಬಂದು ಇವ್ನ್ಗೆ ಏನ್ ಕೊಟ್ರಿ ಅಂತ ಕೇಳುದ್ರೆ ತೋರ್ಸಕೆ ಮನೇಲಿ ಏನೂ ಇರ್ಬಾರ್ದು, ಅದ್ಕೆ," ಎಂದು ಮೀನಾಕ್ಷಮ್ಮ ಅದಕ್ಕೊಂದು ಅರ್ಥ ಹಚ್ಚಿಕೊಟ್ಟಿದ್ದಳು. ತಮ್ಮನನ್ನು ನೋಡಿಕೊಂಡು ಹೋಗಲು ಬಂದವಳು ಅವಳು. ಬಂದು ಹದಿನೈದು ದಿನವಾಗಿತ್ತು.

ಆದರೆ ಇವೆಲ್ಲಕ್ಕಿಂತ ದೊಡ್ಡದನ್ನು ಚಲುವಮ್ಮ ಅತ್ತಿಗೆಗೂ ಹೇಳಿರಲಿಲ್ಲ. ಮೊದಲನೆಯ ಗುರುವಾರ ನರ್ಸಮ್ಮ ತನ್ನ ಕೈಯಾರೆ ಒಂದು ಮಾತ್ರೆ ನುಂಗಿಸಿ ಹೋಗಿದ್ದಳು. ಅರ್ಧ ಗಂಟೆಗೆ ಪುಟ್ಟಸ್ವಾಮಿ ಮಲಗಿದ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಏಳಲಿಲ್ಲ. ಬಾಯಿ ತೆರೆದುಕೊಂಡಿತ್ತು. ಗಲ್ಲದ ಮೇಲೆ ನೊಣ ಕೂತಿತ್ತು, ಓಡಿಸಲೂ ಇಲ್ಲ. ಚಲುವಮ್ಮ ಭುಜ ಹಿಡಿದು ಅಲ್ಲಾಡಿಸಿ, ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಎಲ್ಲೋ ಆಳದಿಂದ ಎದ್ದು ಬಂದವನ ಹಾಗೆ ಅವನು ಕಣ್ಣುಬಿಟ್ಟ. ಇದೇ ಅದು ಅಂದುಕೊಂಡಳು. ಹೀಗೇ ದಿನಾ ಒಂದಿಷ್ಟು ಆಳಕ್ಕೆ ಇಳಿಸುತ್ತಾರೆ, ಒಂದು ದಿನ ಮೇಲೆ ಬರುವುದಿಲ್ಲ.

ಅವತ್ತಿನಿಂದ ಅವಳು ಮಾತ್ರೆಗಳನ್ನು ಶೀಟಿನಿಂದ ಒಡೆದು ತೆಗೆಯುತ್ತಿದ್ದಳು, ಗಂಡನಿಗೆ ಕೊಡುತ್ತಿರಲಿಲ್ಲ. ನೋವು ಮಿತಿಮೀರಿ ಅವನು ಟವೆಲಿನ ಅಂಚು ಕಚ್ಚಿಕೊಂಡು ಗೋಡೆಗೆ ತಲೆ ಒತ್ತಿದಾಗ ಮಾತ್ರ, ಹೆದರಿ ಹೆದರಿ ಒಂದು. ಉಳಿದದ್ದೆಲ್ಲ ಅವಳ ಎಲಡಿಕೆ ಚೀಲಕ್ಕೆ. ಬಿಸಾಡೋಣವೆಂದರೆ ಹಿತ್ತಿಲಲ್ಲಿ ಕೋಳಿ ಹೆಕ್ಕುತ್ತವೆ, ಕಾಲುವೆಗೆ ಹಾಕಿದರೆ ದನ ಕುಡಿಯುತ್ತವೆ. ಕೊಲ್ಲುವಂಥದ್ದನ್ನು ಎಲ್ಲಿಗೆ ಅಂತ ಎಸೆಯುವುದು? ಹಾಗಾಗಿ ಸೊಂಟದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಎರಡನೇ ವಾರ ನರ್ಸಮ್ಮ ಬಂದು, ಖಾಲಿ ಶೀಟು ಎಣಿಸಿ, "ಇಷ್ಟೂ ತಗೊಂಡ್ರೂ ನೋವು ಇಳೀಲಿಲ್ವಾ?" ಎಂದು ಒಂದೊಂದು ಇದ್ದದ್ದನ್ನು ಎರಡೆರಡು ಮಾಡಿ ಹೋದಳು. ಚೀಲ ಮತ್ತೂ ಉಬ್ಬಿತು. ಎರಡು ಮಾಡಿದಳಲ್ಲ ಎಂದು ಚಲುವಮ್ಮನ ಅನುಮಾನವೂ ಅದರ ಜೊತೆಗೇ ಉಬ್ಬಿತು.

ಹೊರಗೆ ವ್ಯಾನಿನ ಸದ್ದಾಯಿತು.

ನಾಗರತ್ನ ಮಳವಳ್ಳಿ ಕಡೆಯ ಹೆಂಗಸು. ನಲವತ್ತು ದಾಟಿದ, ಗಟ್ಟಿ ಕೈಕಾಲಿನ, ಚಪ್ಪಲಿಯನ್ನು ಜಗಲಿಯ ಕೆಳಗೆ ಜೋಡಿಸಿಟ್ಟು ಬರುವ ಜಾತಿ. ಬಂದವಳೇ ಬಚ್ಚಲ ಕಲ್ಲಿನ ಹತ್ತಿರ ಮೊಣಕೈಯವರೆಗೂ ಸೋಪು ಹಚ್ಚಿ ತೊಳೆದುಕೊಂಡು, "ಅವರೆಕಾಳು ಸಾರಾ ಇವತ್ತು? ಮನೆ ತುಂಬ ಸೊಗಡು," ಎಂದಳು. ಮೀನಾಕ್ಷಮ್ಮ ಮೊರವನ್ನು ತನ್ನತ್ತ ಎಳೆದುಕೊಂಡಳು.

ಪಡಸಾಲೆಯ ಮಂಚದ ಮೇಲೆ ಪುಟ್ಟಸ್ವಾಮಿ ಗೋಡೆಗೆ ಬೆನ್ನು ಒತ್ತಿ ಕುಳಿತಿದ್ದ. ಮಲಗಿದರೆ ನೋವು ಹೆಚ್ಚು. ತಲೆಯ ಪಕ್ಕದ ಮೊಳೆಗೆ ಅವನ ಕೈಗಡಿಯಾರ ನೇತುಹಾಕಿತ್ತು. ಕೀ ಕೊಡುವ ಹಳೆಯ ಗಡಿಯಾರ. ಅವನು ಮೂವತ್ತೊಂದು ವರ್ಷ ನಾಲೆಯ ನೀರುಗಂಟಿಯಾಗಿದ್ದವನು. ಸೊಂಟದಲ್ಲಿ ತೂಬಿನ ಗೇಟಿನ ಚಾವಿ, ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಈ ಗಡಿಯಾರ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದನ್ನು ಇದರ ಮುಳ್ಳು ನೋಡಿ ನಡೆಸಿದವನು. ಬಯಲಿನ ರೈತರೆಲ್ಲ ಅವನನ್ನು ಅನುಮಾನಿಸಿದವರೇ. ಮೇಲಿನ ಗದ್ದೆಯವನಿಗೆ ಕಾಲು ಗಂಟೆ ಜಾಸ್ತಿ ಬಿಟ್ಟೆ, ಅವನಿಂದ ಏನು ಇಸ್ಕೊಂಡೆ ಅಂತ ವಾರಕ್ಕೊಬ್ಬ ಬಾಗಿಲಿಗೆ ಬಂದು ಕೂಗುತ್ತಿದ್ದ. ಆಗೆಲ್ಲ ಸೆರಗು ಸಿಗಿಸಿಕೊಂಡು ಹೊಸ್ತಿಲಿಗೆ ಬರುತ್ತಿದ್ದವಳು ಚಲುವಮ್ಮ. "ನಿನ್ತವು ಗಡಿಯಾರ ಇತ್ತೇನ್ಲಾ? ಇಲ್ವಲ್ಲ, ಮುಚ್ಕಂಡೋಗು. ನನ್ ಗಂಡ ಅನ್ನ ಬುಟ್ಟಾರೂ ಬುಟ್ಟಾನು, ನಿಮ್ಸ ತಪ್ಪಲ್ಲ," ಅನ್ನುತ್ತಿದ್ದಳು. ಊರು ಅನುಮಾನಿಸಿದ ಗಂಡಸನ್ನು ಅವಳು ಒಂದು ದಿನವೂ ಅನುಮಾನಿಸಿರಲಿಲ್ಲ.

"ಹೆಂಗಿದ್ದೀರಾ ಯಜಮಾನ್ರೇ? ನೋವು ಎಷ್ಟಿದೆ? ಹತ್ತಕ್ಕೆ ಎಷ್ಟು ಹೇಳ್ತೀರಾ?"

"ಅದೆ ಕನವ್ವ. ಎಲ್ಲಿಗ್ ಓದದು."

"ಹೊಟ್ಟೆ?"

ಇದಕ್ಕೆ ಚಲುವಮ್ಮ ಉತ್ತರ ಕೊಟ್ಟಳು. "ಅದೊಂದ್ ಕೇಳ್ಬ್ಯಾಡಿ. ದಿವ್ಸಕ್ಕೆ ನಾಕ್ ಸಲ ಇತ್ಲಿಗೆ ಕರ್ಕಂಡೋಗದೇ ಕೆಲ್ಸ."

ನಾಗರತ್ನಳ ಕೈ ನಿಂತಿತು. "ನಾಲ್ಕು ಸಲವಾ? ಈ ಮಾತ್ರೆ ತಗೊಂಡೋರಿಗೆ ಹೊಟ್ಟೆ ಕಲ್ಲಾಗ್ತದೆ. ಅದು ಸಲೀಸಾಗ್ಲಿ ಅಂತಲೇ ಆ ಸಿರಪ್ಪು ಕೊಟ್ಟಿರೋದು. ಸಿರಪ್ಪು ಕುಡಿಸ್ತಿದ್ದೀರಾ?"

"ದಿನಾ ಕುಡುಸ್ತೀನಿ." ಅದು ನಿಜವೇ. ಸಿರಪ್ಪನ್ನು ಚಲುವಮ್ಮ ತಾನೇ ಒಂದು ಚಮಚ ನೆಕ್ಕಿ ನೋಡಿ, ಸಿಹಿಯಾಗಿದೆ, ವಿಷವಿರಲಾರದು ಎಂದು ತೀರ್ಮಾನಿಸಿ ಹೊತ್ತಿಗೆ ಸರಿಯಾಗಿ ಕುಡಿಸುತ್ತಿದ್ದಳು.

ನಾಗರತ್ನ ಟಾರ್ಚು ತೆಗೆದು ಪುಟ್ಟಸ್ವಾಮಿಯ ಎರಡೂ ಕಣ್ಣಿಗೆ ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಚಲುವಮ್ಮ ಕೊಟ್ಟ ಖಾಲಿ ಶೀಟುಗಳನ್ನು ಬೆಳಕಿಗೆ ಹಿಡಿದು ಎಣಿಸಿದಳು. ಎಂಬತ್ತನಾಲ್ಕು. ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಾಗಿದ್ದದ್ದೇ ಅವಳಿಗೆ ಹಿಡಿಸಲಿಲ್ಲವೇನೋ, ಶೀಟುಗಳನ್ನು ಕೆಳಗಿಡದೆ ಕೇಳಿದಳು.

"ಮಾತ್ರೆ ಕೊಡ್ತಿರೋದು ನೀವೇ ತಾನೆ ಚಲುವಮ್ಮೋರೆ?"

"ಇನ್ಯಾರ್ ಕೊಟ್ಟಾರು?"

"ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ಆಮೇಲೆ ಮಲಗೋವಾಗ ಅದರ ಎರಡರಷ್ಟು. ಒಂದೂ ತಪ್ಪಿಸಿಲ್ಲ?"

"ಊಂ."

"ತಪ್ಪು ತಿಳ್ಕೋಬೇಡಿ. ಈ ಮಾತ್ರೆಗೆ ಹೊರಗಡೆ ನಶೆಗೆ ಅಂತ ಕೊಳ್ಳೋ ಬೇರೆ ಗಿರಾಕಿಗಳಿದ್ದಾರೆ. ಅದಕ್ಕೇ ಸರ್ಕಾರ ಒಂದೊಂದಕ್ಕೂ ನಮ್ಮನ್ನ ಲೆಕ್ಕ ಕೇಳುತ್ತೆ. ಮನೆಗೆ ಯಾರಾದ್ರೂ ಬಂದು ಹೋಗೋರು…"

ಹೊರಗಿನಿಂದ ಮೀನಾಕ್ಷಮ್ಮ ಮೊರದ ಸಮೇತ ಬಾಗಿಲಿಗೆ ಬಂದಿದ್ದಳು. "ಏನವ್ವೋ, ಕಳ್ರು ಅಂತಿದ್ದೀಯಾ ನಮ್ಮುನ್ನ? ಬಂದೋಗೋಳು ಅಂದ್ರೆ ನಾನೇ ಕನವ್ವ. ನೋಡ್ಕೊ ಬಾ, ನನ್ ಚೀಲ ಬಿಚ್ಚಿ ನೋಡ್ಕೊ."

ಚೀಲ ಅನ್ನುವ ಮಾತಿಗೆ ಚಲುವಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹೋದದ್ದನ್ನು ಗೋಡೆಗೆ ಒರಗಿದ್ದ ಪುಟ್ಟಸ್ವಾಮಿ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ಕೊಟ್ಟವ್ಳೆ ಕನವ್ವ," ಎಂದ ಅವನು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. "ಒಂದೂ ತಪ್ಸಿಲ್ಲ. ನಾನೇ ಲೆಕ್ಕ ಮಡ್ಗಿವ್ನಿ, ಆ ಗಡಿಯಾರ ನೋಡ್ಕಂಡು. ನಿಮ್ಸ ಈಚೆ ಆಚೆ ಆಗಿಲ್ಲ."

ಚಲುವಮ್ಮ ಗಡಿಯಾರದತ್ತ ನೋಡಿದಳು. ಮೂವತ್ತೊಂದು ವರ್ಷ ಗುದ್ದಲಿ ಎತ್ತಿ ಹೊಡೆಯಲು ಬಂದವರ ಎದುರೂ ಒಂದು ನಿಮಿಷ ಹೆಚ್ಚುಕಡಿಮೆ ಹೇಳದವನು, ಆ ಗಡಿಯಾರದ ಹೆಸರು ಹಿಡಿದು ಅವಳ ಮುಂದೆಯೇ ಸುಳ್ಳು ಹೇಳುತ್ತಿದ್ದ. ಅಂದರೆ ಅವನಿಗೆ ಗೊತ್ತು. ಒಲೆಯ ಮುಂದೆ ಕೂತು ಅವಳು ಟಿಕ್ ಟಿಕ್ ಎಂದು ಶೀಟು ಒಡೆಯುತ್ತಿದ್ದದ್ದು, ಆಮೇಲೆ ಬರಿಗೈಯಲ್ಲಿ ಎದ್ದು ಬರುತ್ತಿದ್ದದ್ದು, ಎಲ್ಲವೂ ಅವನಿಗೆ ಕೇಳಿಸಿದೆ. ಗೊತ್ತಿದ್ದೂ ಟವೆಲು ಕಚ್ಚಿಕೊಂಡಿದ್ದಾನೆ.

ನಾಗರತ್ನ ಜಗಲಿಗೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದಳು. ಮಾತು ಒಳಗೆ ಕೇಳುತ್ತಿತ್ತು. "ಎಲ್ಲಾ ತಗೊಂಡಿದ್ದಾರಂತೆ ಸರ್… ಇಲ್ಲ, ಇಬ್ಬರೂ ಹಂಗೇ ಹೇಳ್ತಿದ್ದಾರೆ. ಲೆಕ್ಕಾನೂ ಸರಿ ಇದೆ… ನೋವು ಜಾಸ್ತಿನೇ ಸರ್, ಕೂತೇ ಇದ್ದಾರೆ… ಮೂರಾ? ಆಯ್ತು ಸರ್. ಒಂದು ಗಂಟೆ ನಾನು ಇಲ್ಲೇ ಕೂತು ನೋಡ್ತೀನಿ."

"ನೋಡ್ದಾ?" ಮೀನಾಕ್ಷಮ್ಮ ಚಲುವಮ್ಮನ ಕಿವಿಗೆ ಬಾಯಿ ತಂದಳು. "ಮೂರ್ನೇ ಸಲ. ಮೂರು."

ನಾಗರತ್ನ ಒಳಗೆ ಬಂದು ಪೆಟ್ಟಿಗೆಯ ಬೀಗ ತೆಗೆದಳು. ಹೊಸ ಶೀಟಿನಿಂದ ಮೂರು ಮಾತ್ರೆ ಒಡೆದು ಸ್ಟೀಲು ತಟ್ಟೆಗೆ ಹಾಕಿದಳು. ಬಿಳಿ, ಪುಟ್ಟ, ಅಕ್ಕಿಯ ಕಾಳಿಗಿಂತ ಒಂದಿಷ್ಟು ದೊಡ್ಡವು. ಪುಟ್ಟಸ್ವಾಮಿ ಏನೂ ಕೇಳದೆ ಅಂಗೈ ಚಾಚಿದ. ಹಸಿದವನ ಕೈ ತಟ್ಟೆಗೆ ಹೋಗುವ ಹಾಗೆ ಆ ಕೈ ಮುಂದೆ ಬಂತು.

ಒಂದು ಮಾತ್ರೆಗೇ ಇಡೀ ದಿನ ಏಳದವನು. ಮೂರು.

"ಬ್ಯಾಡ!" ಚಲುವಮ್ಮ ನರ್ಸಮ್ಮನ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದಳು. ತಟ್ಟೆ ಕೆಳಗೆ ಬಿತ್ತು. "ಬ್ಯಾಡ ಕನ್ರವ್ವ. ಅವ್ರು ತಕ್ಕಂಡಿಲ್ಲ. ಅವ್ರು ಸುಳ್ ಯೋಳ್ತಾವ್ರೆ. ನಾನ್ ಕೊಟ್ಟಿಲ್ಲ."

ಸೊಂಟದಿಂದ ಚೀಲವನ್ನೇ ಕಿತ್ತು ತಟ್ಟೆಯ ಮೇಲೆ ಕವುಚಿದಳು. ಅಡಿಕೆಯ ಚೂರು, ಹೊಗೆಸೊಪ್ಪಿನ ಪುಡಿ, ಸುಣ್ಣದ ಡಬ್ಬಿ, ಅವುಗಳ ನಡುವೆ ಮಾತ್ರೆಯೋ ಮಾತ್ರೆ. ಕೆಲವು ತಟ್ಟೆ ದಾಟಿ ಮಂಚದ ಕೆಳಗೂ ಉರುಳಿದವು.

ನಾಗರತ್ನ ಬೈಯಲಿಲ್ಲ. ನಿಂತಿದ್ದವಳು ನೆಲದ ಮೇಲೆ ಕೂತಳು. ಆಮೇಲೆ ಒಂದೊಂದಾಗಿ ಎಣಿಸತೊಡಗಿದಳು. ಮಂಚದ ಕೆಳಗಿನವನ್ನೂ ಬಾಗಿ ಹೆಕ್ಕಿ ತಂದಳು. "ಈಗಿನ ಮೂರು ಬಿಟ್ಟು ನೂರಾ ಏಳು," ಎಂದಳು ಕೊನೆಗೆ. "ಕೊಟ್ಟಿದ್ದು ನೂರಾ ಇಪ್ಪತ್ತಾರು. ಹತ್ತೊಂಬತ್ತು ಮಾತ್ರೇಲಿ ಹದಿನಾಲ್ಕು ದಿನ ತಳ್ಳಿದ್ದಾರೆ ಇವರು. ಅಭ್ಯಾಸ ಇಲ್ಲದ ಮೈಗೆ ಇವತ್ತು ಒಂದೇ ಸಲ ಮೂರು ಕೊಟ್ಟಿದ್ರೆ…" ಅವಳು ಚಲುವಮ್ಮನತ್ತ ತಿರುಗಿದಳು. "ಯಾಕಮ್ಮಾ?"

"ಬೆಳಕವಾಡಿ ಕರಿಯಯ್ಯನ್ಗೆ ನೀವೇ ಅಲ್ವಾ ಕೊಟ್ಟುದ್ದು?" ಇಷ್ಟು ದಿನ ಒಳಗೆ ಕಟ್ಟಿಟ್ಟದ್ದು ಈಗ ಬಾಯಿಗೆ ಬಂತು. "ಮೊದುಲ್ನೆ ದಿವ್ಸ ಇವ್ರು ಒತ್ತ್ ಮುಳುಗಾಗಂಟ ಏಳ್ನಿಲ್ಲ. ಎಣದಂಗ್ ಬಿದ್ದಿದ್ರು."

"ಕೊಟ್ಟಿದ್ದು ನಾನೇ. ಕರಿಯಯ್ಯ ಹೋಗಿದ್ದೂ ದಿಟ." ನಾಗರತ್ನ ಬಾಗಿಲಲ್ಲಿದ್ದ ಮೀನಾಕ್ಷಮ್ಮನನ್ನು ಒಂದು ಸಲ ನೋಡಿದಳು. "ನಮ್ಮನ್ನ ಕರೆಯೋದೇ ಕೊನೆಗೆ ತಾನೆ. ಅವನ ಮನೆಗೆ ನಾನು ಕಾಲಿಟ್ಟಾಗಲೇ ಅವನಿಗೆ ದಿನ ಉಳಿದಿರಲಿಲ್ಲ. ನೋಡಿ ಚಲುವಮ್ಮೋರೆ, ಇವರೂ ಉಳಿಯಲ್ಲ. ಮಾತ್ರೆ ತಗೊಂಡ್ರೂ ಹೋಗ್ತಾರೆ, ತಗೊಳ್ದಿದ್ರೂ ಹೋಗ್ತಾರೆ. ಇದು ಅವರಿಗೂ ಗೊತ್ತು. ಹೆಂಗೆ ಹೋಗ್ತಾರೆ ಅನ್ನೋದಷ್ಟೇ ನಿಮ್ಮ ಕೈಲೂ ನನ್ನ ಕೈಲೂ ಇರೋದು. ಅವತ್ತು ಮಲಗಿದ್ದು ಮಾತ್ರೆಯ ಅಮಲೂ ಇರಬಹುದು, ಒಂದು ತಿಂಗಳಿಂದ ಕಣ್ಣು ಮುಚ್ಚದೇ ಇದ್ದ ಜೀವ, ಸುಸ್ತೂ ಹೌದು. ನನಗೊಂದು ಫೋನ್ ಮಾಡಬಾರದಿತ್ತಾ?"

ಚಲುವಮ್ಮ ಗಂಡನ ಕಡೆ ತಿರುಗಿದಳು. ಅಳು ಬರುವ ಬದಲು ಸಿಟ್ಟು ಬಂತು. "ನಿಮ್ಗೆ ಗೊತ್ತಿತ್ತಲ್ಲ, ಬಾಯ್ ಬುಟ್ ಕೇಳಾಕೇನಾಗಿತ್ತು? ಕೊಡು ಅನ್ನಾಕೇನಾಗಿತ್ತು?"

"ಕಾರ್ಣ ಇಲ್ದೆ ನೀನ್ ಮಾಡಿಯಾ?" ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡ. "ಊರೆಲ್ಲ ನನ್ ಮ್ಯಾಲೆ ಗುಮಾನಿ ಪಟ್ಟಾಗ ನೀನ್ ಒಂದ್ಸಲ ಕೇಳಿದ್ಯಾ ನನ್ನ? ಯಾರ್ಗ್ ಎಸ್ಟ್ ಬುಟ್ಟೆ ಅಂತ?"

ಮೀನಾಕ್ಷಮ್ಮ ಮೊರದೊಳಗಿನ ಕಾಳನ್ನು ಕೆದಕಿ, "ನಾನೇನು ಕೊಡ್ಬ್ಯಾಡ ಅಂತ ಏಳಿದ್ನಾ? ಉಸಾರಾಗಿರು ಅಂದೆ, ಅಸ್ಟೇ. ನಾನ್ ಮದ್ಯಾನ್ದ ಬಸ್ಗೆ ಓಯ್ತೀನಿ ಕಣಪ್ಪ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ನಾಗರತ್ನ ಮತ್ತೆ ಡಾಕ್ಟರಿಗೆ ಫೋನು ಮಾಡಿದಳು. ಈ ಸಲ ಹೆಚ್ಚು ಕೇಳಿಸಿಕೊಂಡಳು, ಕಡಿಮೆ ಮಾತಾಡಿದಳು. ಬಂದು ಒಂದೇ ಮಾತ್ರೆ ಚಲುವಮ್ಮನ ಕೈಗೆ ಕೊಟ್ಟಳು. "ನೀವೇ ನುಂಗಿಸಿ. ಮೊದಲಿಂದ ಶುರು, ಒಂದೊಂದೇ. ನಾಲ್ಕು ಗಂಟೆಗೊಂದು. ನೋವು ಬರಲಿ ಅಂತ ಕಾಯಬೇಡಿ, ಬರೋಕೆ ಮುಂಚೆ."

"ನ್ವಾವೇ ಇಲ್ದಾಗ ಮಾತ್ರೆ ಯಾಕವ್ವ?" ಚಲುವಮ್ಮನಿಗೆ ಇದು ಈಗಲೂ ಹೊಂದಲಿಲ್ಲ.

ಉತ್ತರ ಬಂದದ್ದು ಗೋಡೆಯ ಕಡೆಯಿಂದ. "ಪೈರು ಬಾಡಿ ಮಕ ಕೆಡಿಸ್ಕಂಡ್ ಮ್ಯಾಲೆ ನೀರ್ ಬುಡ್ತಿದ್ನೇನಮ್ಮಿ ನಾನು? ಸರದಿ ಬಂತು ಅಂದ್ರೆ ಬಂತು. ಗದ್ದೆ ಅಸಿ ಇದ್ರೂ ಬುಡ್ಬೇಕು."

ಅವಳು ಮಾತ್ರೆ ನುಂಗಿಸಿ ನೀರು ಕುಡಿಸಿದಳು. ಅವನು ಗಡಿಯಾರ ನೋಡಿ, "ಅತ್ತೂ ಕಾಲು," ಎಂದ. ನಾಗರತ್ನ ಪುಸ್ತಕದಲ್ಲಿ ಬರೆದುಕೊಂಡಳು. ನೂರಾ ಏಳು ಮಾತ್ರೆ ವಾಪಸ್ಸು ತೆಗೆದುಕೊಂಡಿದ್ದಕ್ಕೆ ಹೆಬ್ಬೆಟ್ಟು ಕೇಳಿದಾಗ ಮೀನಾಕ್ಷಮ್ಮ ಹಿಂದಿನಿಂದ ಸೀರೆ ಎಳೆದಳು. ಚಲುವಮ್ಮ ಮಸಿಯ ಡಬ್ಬಿಯ ಮೇಲೆ ಬೆರಳಿಟ್ಟವಳು ಹಾಗೇ ನಿಲ್ಲಿಸಿ, "ಏನಂತ ಬರ್ದಿದ್ದೀರಿ? ಓದಿ," ಎಂದಳು. ನಾಗರತ್ನ ಓದಿದಳು. "ಇನ್ನೊಂದ್ಸಲ." ಮತ್ತೆ ಓದಿದಳು. ಎರಡು ಸಲವೂ ಒಂದೇ ಇದ್ದದ್ದರಿಂದ ಒತ್ತಿದಳು.

"ಇನ್ನೊಂದು ಅದೆ," ಎಂದಳು ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ. "ಓದ್ವಾರ ನನ್ನ ಮಜ್ಗೆ ತರಾಕ್ ಕಳ್ಸಿ ಇಬ್ರೂ ಗುಸುಗುಸು ಅಂತಿದ್ರಲ್ಲ. ಏನದು?"

ನಾಗರತ್ನ ಪುಟ್ಟಸ್ವಾಮಿಯನ್ನು ನೋಡಿದಳು. "ಹೇಳ್ಲಾ?" ಅವನು ಕಣ್ಣು ಬಿಡದೆ ಬೇಡ ಎಂದು ಕೈಯಾಡಿಸಿದ. ಆದರೂ ಅವಳು ಹೇಳಿಬಿಟ್ಟಳು. "ನೀವು ಬೀಡಿಕಟ್ಟು ಬಚ್ಚಿಟ್ಟಿದ್ದೀರಂತೆ. ದಿನಕ್ಕೊಂದು ಸೇದಬಹುದಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಒಂದೇ ಒಂದು ಅಂದೆ. ನಿಮ್ಮನ್ನ ಕೇಳೋಕೆ ಅವರಿಗೆ ಧೈರ್ಯ ಇಲ್ವಂತೆ."

ಹೇಳಿದ ಮಾತಿನಂತೆ ಒಂದು ಗಂಟೆ ಕೂತು, ನಾಡಿ ಹಿಡಿದು ನೋಡಿ, ಬೆನ್ನಿನ ಹುಣ್ಣಿಗೆ ಹೊಸ ಪಟ್ಟಿ ಕಟ್ಟಿ ನಾಗರತ್ನ ಹೊರಟಳು. ಎರಡು ದಿನಕ್ಕೆ ಸಾಲುವಷ್ಟು ಮಾತ್ರೆ ಮಾತ್ರ ಬಿಟ್ಟು, ಶನಿವಾರ ಮತ್ತೆ ಬರುತ್ತೇನೆ ಅಂದಳು. ವ್ಯಾನು ಚಿಕ್ಕರಸಿನಕೆರೆಯ ದಾರಿ ಹಿಡಿಯುವವರೆಗೂ ಚಲುವಮ್ಮ ಜಗಲಿಯಲ್ಲೇ ನಿಂತು ನೋಡಿದಳು. ನಾಲ್ಕನೇ ಸಲ ಎಂದು ಬೆರಳು ಮಡಚಿದಳು, ಮತ್ತೆ ಬಿಚ್ಚಿದಳು.

ಒಳಗೆ ಪುಟ್ಟಸ್ವಾಮಿ ಮಲಗಿದ್ದ. ಕುಳಿತಲ್ಲೇ ಜಾರಿ, ಒಂದು ತಿಂಗಳಿನಿಂದ ಅವಳು ನೋಡಿರದ ಹಾಗೆ ಕಾಲು ಚಾಚಿ ಮಲಗಿದ್ದ. ಹಣೆಯ ಮೇಲಿನ ಗೆರೆಗಳು ಸಡಿಲಗೊಂಡಿದ್ದವು. ಬಾಯಿ ಅವತ್ತಿನ ಹಾಗೇ ಅರೆ ತೆರೆದಿತ್ತು. ಅವಳು ಸಾರು ಮಾಡಿದಳು, ಬಂದು ನೋಡಿದಳು. ಮುದ್ದೆ ತೊಳಸಿದಳು, ಬಂದು ನೋಡಿದಳು. ಮಧ್ಯಾಹ್ನದ ಬಸ್ಸು ಹಾರನ್ನು ಮಾಡಿಕೊಂಡು ಹೋಯಿತು, ಮೀನಾಕ್ಷಮ್ಮ ಜಗಲಿಯಿಂದ ಎದ್ದಿರಲಿಲ್ಲ.

ಎರಡು ಗಂಟೆ ದಾಟಿತು. ಚಲುವಮ್ಮ ಟಿಕ್ ಎಂದು ಶೀಟಿನಿಂದ ಒಂದು ಮಾತ್ರೆ ಒಡೆದುಕೊಂಡು, ಚೊಂಬಿನಲ್ಲಿ ನೀರು ಹಿಡಿದು ಮಂಚದ ಹತ್ತಿರ ಬಂದಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಎಬ್ಬಿಸಿದರೆ ಏಳುತ್ತಾನೋ ಇಲ್ಲವೋ ಅನ್ನುವುದೂ ಇತ್ತು. ಬಗ್ಗಿ, ಬೆರಳಿನ ಹಿಂಬದಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಬೆಚ್ಚಗಿತ್ತು. ನಂಬಿಕೆ ಸಾಲದೆ ಮತ್ತೊಂದು ಸಲ ಹಿಡಿದಳು.

"ಇವ್ನಿ ಕನಮ್ಮಿ," ಎಂದ ಪುಟ್ಟಸ್ವಾಮಿ ಕಣ್ಣು ತೆರೆಯದೆ. "ಎಸ್ಟಾಯ್ತು?"

ಅವಳು ಮೊಳೆಯ ಕಡೆ ನೋಡಿದಳು. "ಎರ್ಡ್ ಗಂಟೆ ಅತ್ ನಿಮ್ಸ. ತಕ್ಕಳಿ, ಬಾಯ್ ತಗೀರಿ."

"ತಡಿ. ಇನ್ನೂ ಐದ್ ನಿಮ್ಸ ಅದೆ."

ಚಲುವಮ್ಮ ಮಂಚದ ಅಂಚಿನಲ್ಲಿ ಕೂತಳು. ಗಡಿಯಾರದ ಮುಳ್ಳು ನೋಡುತ್ತ, ಮಾತ್ರೆ ಅಂಗೈಯ ಬೆವರಿಗೆ ಎಲ್ಲಿ ಕರಗಿಬಿಡುತ್ತದೋ ಎಂದು ಎಡಗೈಗೆ ದಾಟಿಸಿಕೊಂಡು, ಬಲಗೈಯನ್ನು ಸೆರಗಿಗೆ ಒರೆಸಿದಳು.